ಬಿ-52 ಶಾಟ್: ಪದರ ಕಲಸಿಹೋಗದಂತೆ ಮಾಡುವ ಸಮಗ್ರ ಮಾರ್ಗದರ್ಶಿ

ಕೆಳಗೆ ಕಾಫಿ ಬಣ್ಣ, ನಡುವೆ ಕೆನೆ ಬಣ್ಣ, ಮೇಲೆ ಜೇನಿನ ಬಣ್ಣ. ಕಾಫಿ ಲಿಕ್ಯೂರ್, ಐರಿಶ್ ಕ್ರೀಮ್, ಗ್ರಾಂ ಮಾರ್ನಿಯೇ ಅನ್ನುವ ಮೂರು ಲಿಕ್ಯೂರ್‌ಗಳನ್ನು (ಅಂದರೆ ಸಕ್ಕರೆ, ಪರಿಮಳ ಬೆರೆಸಿದ ಮದ್ಯ) ಪುಟ್ಟ ಗ್ಲಾಸ್‌ನಲ್ಲಿ ಒಂದರ ಮೇಲೊಂದು ನಿಲ್ಲಿಸಿದರೆ ಅದು ಬಿ-52. ಫೋಟೋದಲ್ಲಿ ಈ ಶಾಟ್‌ನ ಮೂರು ಪದರಗಳೂ ನೀಟಾಗಿ ನಿಂತಿರುತ್ತವೆ. ಅದನ್ನೇ ಮನೆಯಲ್ಲಿ ಮಾಡಲು ಹೋದರೆ ಬಹಳ ಜನರಿಗೆ ಸಿಗುವುದು ಒಂದು ಗ್ಲಾಸ್ ಕಂದು ನೀರು. ಆಮೇಲೆ "ನನ್ನ ಕೈ ನಡುಗುತ್ತೆ, ಇದೆಲ್ಲ ಬಾರ್‌ನವರಿಗೇ ಸರಿ" ಅಂತ ಕೈಬಿಡುತ್ತಾರೆ.

ಕೈ ನಡುಗಿ ಕೆಡುವ ಶಾಟ್ ಕಡಿಮೆ. ಸುರಿಯುವ ಕ್ರಮ ತಪ್ಪಾಗಿ ಕೆಡುವುದು ಜಾಸ್ತಿ. ಅದಕ್ಕಿಂತಲೂ ಜಾಸ್ತಿ ಕೆಡುವುದು ಮೂರನೇ ಬಾಟಲಿ ದುಬಾರಿ ಅಂತ ಅದರ ಬದಲು ಇನ್ನೇನನ್ನೋ ಹಾಕಿದಾಗ. ಈ ಎರಡೂ ತಪ್ಪುಗಳನ್ನು ಶಾಟ್ ಗ್ಲಾಸ್ ಕೈಗೆತ್ತಿಕೊಳ್ಳುವ ಮೊದಲೇ ಹಿಡಿಯಬಹುದು. ಹಾಗಾಗಿ ಇಲ್ಲಿ ಮೊದಲ ಎರಡು ಹಂತಗಳಲ್ಲಿ ಸುರಿಯುವ ಮಾತೇ ಇಲ್ಲ. ದಯವಿಟ್ಟು ಅವನ್ನು ಬಿಟ್ಟು ಮುಂದೆ ಹಾರಬೇಡಿ.

ಕಾನೂನು ಒಪ್ಪುವ ವಯಸ್ಸು ದಾಟಿದವರಿಗೆ ಮಾತ್ರ ಇದು. ಕುಡಿಯದವರಿಗೂ ಇದೇ ಕೈಚಳಕದಲ್ಲಿ ಮಾಡಬಹುದಾದ ಒಂದು ಪಾನೀಯ ಕೊನೆಯ ಕಡೆ ಇದೆ.

ಹಂತ 1: ಯಾವುದು ಭಾರ, ಯಾವುದು ಹಗುರ ಅಂತ ತಿಳಿದುಕೊಳ್ಳಿ

ಪದರ ನಿಲ್ಲುವುದು ಸಾಂದ್ರತೆಯಿಂದ. ಎರಡು ಲಿಕ್ಯೂರ್‌ಗಳನ್ನು ಒಂದೇ ಅಳತೆಯಲ್ಲಿ ತೆಗೆದುಕೊಂಡಾಗ ಯಾವುದು ಹೆಚ್ಚು ತೂಗುತ್ತದೋ ಅದು ಕೆಳಗೆ ಹೋಗಬೇಕು. ಸಕ್ಕರೆ ಇದ್ದಷ್ಟೂ ಭಾರ, ಆಲ್ಕೋಹಾಲ್ ಇದ್ದಷ್ಟೂ ಹಗುರ. ಒಂದು ಮಿ.ಲೀ. ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕದಲ್ಲಿ ನೀರಿನ ಸಾಂದ್ರತೆ 1.00, ಶುದ್ಧ ಆಲ್ಕೋಹಾಲ್‌ನದು ಸುಮಾರು 0.79. ಎಲ್ಲ ಲಿಕ್ಯೂರ್‌ಗಳೂ ಈ ಸಕ್ಕರೆ ಮತ್ತು ಆಲ್ಕೋಹಾಲ್‌ನ ಎಳೆದಾಟದಲ್ಲಿ ಎಲ್ಲೋ ಒಂದು ಕಡೆ ನಿಲ್ಲುತ್ತವೆ.

ಸಾಮಾನ್ಯವಾಗಿ ಸಿಗುವವುಗಳ ಅಂದಾಜು ಸಾಂದ್ರತೆ, ಭಾರದಿಂದ ಹಗುರಕ್ಕೆ:

- ಗ್ರೆನಡಿನ್ (ಕೆಂಪು ದಾಳಿಂಬೆ) ಸಿರಪ್: 1.18
- ಕಲುವಾ ಥರದ ಕಾಫಿ ಲಿಕ್ಯೂರ್: 1.14ರಿಂದ 1.16
- ಹಸಿರು ಕ್ರೆಮ್ ಡ ಮೆಂತ್ (ಪುದೀನ ಲಿಕ್ಯೂರ್): 1.12
- ಬ್ಲೂ ಕ್ಯುರಾಸೊ (ನೀಲಿ ಬಣ್ಣದ ಕಿತ್ತಳೆ ಲಿಕ್ಯೂರ್): 1.11
- ಅಮರೆಟ್ಟೊ (ಬಾದಾಮಿ ರುಚಿಯ ಲಿಕ್ಯೂರ್): 1.10
- ಟ್ರಿಪಲ್ ಸೆಕ್ (ಕಿತ್ತಳೆ ಲಿಕ್ಯೂರ್): 1.09
- ಬೇಲೀಸ್ ಥರದ ಐರಿಶ್ ಕ್ರೀಮ್ (ವಿಸ್ಕಿ, ಕೆನೆ ಸೇರಿದ ಲಿಕ್ಯೂರ್): 1.05
- ಕ್ವಾಂತ್ರೋ (ಕಿತ್ತಳೆ ಲಿಕ್ಯೂರ್): 1.04
- ಗ್ರಾಂ ಮಾರ್ನಿಯೇ (ಬ್ರಾಂದಿ ಬೆರೆತ ಕಿತ್ತಳೆ ಲಿಕ್ಯೂರ್): 1.03
- ವಿಸ್ಕಿ, ಬ್ರಾಂದಿ: ಸುಮಾರು 0.95

ಒಂದೇ ಹೆಸರಿನ ಲಿಕ್ಯೂರ್ ಆದರೂ ಕಂಪನಿ ಬದಲಾದರೆ ಸಕ್ಕರೆಯ ಪ್ರಮಾಣ ಬದಲಾಗುತ್ತದೆ, ಅದರ ಜೊತೆಗೆ ಈ ಅಂಕಿಯೂ ಬದಲಾಗುತ್ತದೆ. ಈ ಪಟ್ಟಿಯನ್ನು ಅಂದಾಜು ಅಂತಲೇ ತಿಳಿಯಿರಿ.

ಎರಡು ಪದರಗಳ ನಡುವೆ 0.05ಕ್ಕಿಂತ ಹೆಚ್ಚು ಅಂತರ ಇದ್ದರೆ ಹೊಸಬರಿಗೂ ಸುಲಭ. 0.02 ಇದ್ದರೆ ನಿಧಾನವಾಗಿ ಸುರಿಯಬೇಕು. 0.01 ಅಂದರೆ ಆ ಜೋಡಿಯನ್ನೇ ಬಿಡಿ. ಬೇಲೀಸ್ ಮೇಲೆ ಕ್ವಾಂತ್ರೋ ನಿಲ್ಲಿಸುತ್ತೇನೆ ಅಂತ ಹಟ ಹಿಡಿದವರು ಬಾಟಲಿ ಖಾಲಿ ಮಾಡಿಕೊಳ್ಳುತ್ತಾರೆ, ಅಷ್ಟೇ.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪಿಗೆ ಬರೋಣ. ಬಿ-52ರ ಮೇಲಿನ ಪದರಕ್ಕೆ ಬೇಕಾದದ್ದು ಗ್ರಾಂ ಮಾರ್ನಿಯೇ. ಅದರ ಬೆಲೆ ನೋಡಿ ಜನ ಟ್ರಿಪಲ್ ಸೆಕ್ ತರುತ್ತಾರೆ. ಎರಡೂ ಕಿತ್ತಳೆಯದೇ ಅಲ್ವಾ ಅನ್ನುವುದು ಲೆಕ್ಕ. ಆದರೆ ಟ್ರಿಪಲ್ ಸೆಕ್ 1.09, ಅದರ ಕೆಳಗಿರಬೇಕಾದ ಐರಿಶ್ ಕ್ರೀಮ್ 1.05. ನೀವು ಎಷ್ಟೇ ಮೆತ್ತಗೆ ಸುರಿಯಿರಿ, ಟ್ರಿಪಲ್ ಸೆಕ್ ಕ್ರೀಮನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ಇದಕ್ಕೆ ಯಾವ ಚಮಚವೂ ಪರಿಹಾರ ಅಲ್ಲ.

ಗ್ರಾಂ ಮಾರ್ನಿಯೇ ಸಿಗದಿದ್ದರೆ, ಅಥವಾ ಕೊಳ್ಳಲು ಮನಸ್ಸಿಲ್ಲದಿದ್ದರೆ, ಮೇಲೆ ಒಳ್ಳೆಯ ಬ್ರಾಂದಿ ಅಥವಾ ವಿಸ್ಕಿ ಹಾಕಿ. ಕಿತ್ತಳೆಯ ಪರಿಮಳ ಹೋಗುತ್ತದೆ, ಹೆಸರಿಗೆ ಅದು ಬಿ-52 ಅಲ್ಲ. ಆದರೆ ಕ್ರೀಮ್‌ಗೂ ಅದಕ್ಕೂ 0.10ರಷ್ಟು ಅಂತರ ಇರುವುದರಿಂದ ಪದರ ಗ್ರಾಂ ಮಾರ್ನಿಯೇಗಿಂತಲೂ ಚೆನ್ನಾಗಿ ನಿಲ್ಲುತ್ತದೆ.

ಎರಡನೇ ತಪ್ಪು, ಮಂದವಾಗಿರುವುದೆಲ್ಲ ಭಾರ ಅಂದುಕೊಳ್ಳುವುದು. ಅಡುಗೆ ಎಣ್ಣೆ ನೀರಿಗಿಂತ ಮಂದ, ಆದರೂ ಸಾರಿನ ಮೇಲೆ ತೇಲುತ್ತದೆ. ಐರಿಶ್ ಕ್ರೀಮ್ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಪಟ್ಟಿಯಲ್ಲಿ ಅದರ ಜಾಗ ಬಹಳ ಕೆಳಗಿದೆ.

ಮೂರನೆಯದು, ಲೇಬಲ್ ಮೇಲಿನ ಆಲ್ಕೋಹಾಲ್ ಶೇಕಡಾ ನೋಡಿ ಕ್ರಮ ಹಾಕುವುದು. ಗ್ರಾಂ ಮಾರ್ನಿಯೇಯಲ್ಲಿ 40% ಇದೆ, ಎಷ್ಟೋ ವಿಸ್ಕಿಗಳಲ್ಲೂ 40% ಇದೆ. ಒಂದು ನೀರಿಗಿಂತ ಭಾರ, ಇನ್ನೊಂದು ನೀರಿಗಿಂತ ಹಗುರ. ಸಕ್ಕರೆ ಎಷ್ಟಿದೆ ಅಂತ ಸಾಮಾನ್ಯವಾಗಿ ಲೇಬಲ್ ಹೇಳುವುದಿಲ್ಲ.

ಹಂತ 2: ಹನಿ ಪರೀಕ್ಷೆ ಮಾಡಿ

ಪಟ್ಟಿ ಅಂದಾಜು ಅಂದೆನಲ್ಲ, ನಿಮ್ಮ ಕೈಯಲ್ಲಿರುವ ಬಾಟಲಿಯ ವಿಷಯ ಖಾತ್ರಿ ಮಾಡಿಕೊಳ್ಳಲು ಒಂದು ಹನಿ ಸಾಕು.

ಪಾರದರ್ಶಕ ಲಿಕ್ಯೂರನ್ನು ಒಂದು ಪುಟ್ಟ ಗ್ಲಾಸ್‌ಗೆ ಎರಡು ಚಮಚದಷ್ಟು ಹಾಕಿ. ಸಿರಿಂಜ್ ಅಥವಾ ಚಮಚದ ತುದಿಯಿಂದ ಐರಿಶ್ ಕ್ರೀಮಿನ ಒಂದು ಹನಿಯನ್ನು ಅದರ ಮೇಲ್ಮೈಗೆ ತಾಗಿಸಿ ಬಿಡಿ. ಮೇಲಿನಿಂದ ಬೀಳಿಸಬೇಡಿ, ಬಿದ್ದ ರಭಸಕ್ಕೆ ಹಗುರವಾದದ್ದೂ ಒಳಗೆ ಹೋಗುತ್ತದೆ. ಹನಿ ಬಿಳಿ ಎಳೆಯಾಗಿ ತಳಕ್ಕೆ ಇಳಿದರೆ ಕ್ರೀಮ್ ಭಾರ. ಅಂದರೆ ಆ ಲಿಕ್ಯೂರ್ ಕ್ರೀಮಿನ ಮೇಲೆ ನಿಲ್ಲುತ್ತದೆ. ಹನಿ ಮೇಲೆಯೇ ಹರಡಿಕೊಂಡರೆ ಆ ಲಿಕ್ಯೂರ್ ಕ್ರೀಮಿನ ಕೆಳಗೆ ಹೋಗಬೇಕು. ಹನಿ ನಡುವೆ ಎಲ್ಲೋ ತೇಲಾಡುತ್ತ ನಿಂತರೆ ಎರಡೂ ಹೆಚ್ಚುಕಡಿಮೆ ಸಮ. ಆ ಜೋಡಿ ಬೇಡ.

0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇದ್ದವರು ಅಂಕಿಯನ್ನೇ ತೆಗೆಯಬಹುದು. ಗ್ಲಾಸ್ ಇಟ್ಟು ಸೊನ್ನೆ ಮಾಡಿ, ಸಿರಿಂಜ್‌ನಿಂದ 10 ಮಿ.ಲೀ. ಹಾಕಿ, ಬಂದ ಗ್ರಾಂ ಅನ್ನು 10ರಿಂದ ಭಾಗಿಸಿ. ಎಲ್ಲ ಬಾಟಲಿಗೂ ಅದೇ ಸಿರಿಂಜ್ ಬಳಸಿ. ಸಿರಿಂಜ್‌ನ ಗೆರೆ ಸ್ವಲ್ಪ ಆಚೀಚೆ ಇದ್ದರೂ ಹೋಲಿಕೆ ಕೆಡುವುದಿಲ್ಲ. ಹಿಟ್ಟು ತೂಗುವ, 1 ಗ್ರಾಂ ಮಾತ್ರ ತೋರಿಸುವ ತಕ್ಕಡಿ ಈ ಕೆಲಸಕ್ಕೆ ಬರುವುದಿಲ್ಲ.

ಹಂತ 3: ಸಾಮಾನು ಜೋಡಿಸಿಕೊಳ್ಳಿ

ಗ್ಲಾಸ್: ನೆಟ್ಟಗಿನ, ಸಪೂರವಾದ 60 ಮಿ.ಲೀ. ಶಾಟ್ ಗ್ಲಾಸ್ ಒಳ್ಳೆಯದು. ಅಗಲ ಬಾಯಿಯ ಗ್ಲಾಸ್‌ನಲ್ಲಿ 15 ಮಿ.ಲೀ. ಹಾಕಿದರೆ ಪದರ ಎಷ್ಟು ತೆಳ್ಳಗಾಗುತ್ತದೆ ಅಂದರೆ ಇದ್ದೂ ಕಾಣುವುದಿಲ್ಲ. ಕೊಳ್ಳುವಾಗ 60 ಅಂದಿದ್ದರೂ ಒಮ್ಮೆ ನೀರು ಅಳೆದು ಹಾಕಿ ನೋಡಿ. ತಳ ದಪ್ಪ ಇರುವ ಎಷ್ಟೋ ಗ್ಲಾಸ್‌ಗಳಿಗೆ ನಿಜವಾಗಿ ಹಿಡಿಯುವುದು 45 ಮಾತ್ರ.

ಚಮಚ: ಗ್ಲಾಸಿನ ಒಳಗೆ ಸಲೀಸಾಗಿ ಹೋಗುವಂಥದ್ದು ಬೇಕು. ಬಾರ್ ಸ್ಪೂನ್ (ಉದ್ದ ಹಿಡಿಯ ಸಪೂರ ಚಮಚ) ಇದ್ದರೆ ಸರಿ. ಇಲ್ಲದಿದ್ದರೆ ಐಸ್‌ಕ್ರೀಮ್ ತಿನ್ನುವ ಸಣ್ಣ ಸ್ಟೀಲ್ ಚಮಚ. ಊಟದ ಚಮಚ ಗ್ಲಾಸಿನ ಬಾಯಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಸುರಿಯುವ ಪಾತ್ರೆ: ಇಲ್ಲಿ ಬಹಳ ಜನ ಎಡವುತ್ತಾರೆ. 750 ಮಿ.ಲೀ. ಬಾಟಲಿ ತುಂಬಿದಾಗ ಒಂದು ಕೆಜಿಗಿಂತ ಹೆಚ್ಚು ಭಾರ. ಅದನ್ನು ಒಂದು ಕೈಯಲ್ಲಿ ಬಗ್ಗಿಸಿ ನೂಲಿನಷ್ಟು ಸಣ್ಣಗೆ ಸುರಿಯುವುದು ಅಭ್ಯಾಸ ಇದ್ದವರಿಗೂ ಕಷ್ಟ. ಮೊದಲು ಬೇಕಾದಷ್ಟನ್ನು ಅಳೆದು ಮೂತಿ ಇರುವ ಪುಟ್ಟ ಪಾತ್ರೆಗೆ ಹಾಕಿಕೊಳ್ಳಿ. ಇದಕ್ಕೆ ನಮ್ಮ ಒಳಲೆಯಷ್ಟು ಹೇಳಿಮಾಡಿಸಿದ ವಸ್ತು ಇನ್ನೊಂದಿಲ್ಲ. ಉದ್ದ ಮೂತಿ, ಕೈಯಲ್ಲಿ ಹಗುರ, ಹಿಡಿಯುವುದೂ ಒಂದು ಶಾಟ್‌ಗೆ ಬೇಕಾದಷ್ಟೇ. ಆದರೆ ಮಗುವಿಗೆ ಹಾಲು ಕುಡಿಸುವ ಒಳಲೆ ಮುಟ್ಟಬೇಡಿ. ಸ್ಟೀಲ್ ಪಾತ್ರೆ ಅಂಗಡಿಯಿಂದ ಬೇರೆಯದೇ ತನ್ನಿ, ಇಲ್ಲದಿದ್ದರೆ ಮನೆಯಲ್ಲಿ ಬೈಸಿಕೊಳ್ಳುವುದು ಖಚಿತ.

ಸಿರಿಂಜ್: ಮೆಡಿಕಲ್ ಶಾಪ್‌ನಲ್ಲಿ ಸಿಗುವ 10 ಮಿ.ಲೀ. ಹೊಸ ಸಿರಿಂಜ್, ಸೂಜಿ ಇಲ್ಲದೆ. ಅಳೆಯಲೂ ಆಗುತ್ತದೆ, ಕಷ್ಟದ ಪದರ ಹಾಕಲೂ ಆಗುತ್ತದೆ. ಬಾರ್‌ಟೆಂಡರ್‌ಗಳು ನಗಬಹುದು. ನಗಲಿ ಬಿಡಿ.

ಇದರ ಜೊತೆ ಒಂದು ಲೋಟ ನೀರು ಮತ್ತು ಒಣ ಬಟ್ಟೆ. ಪ್ರತಿ ಪದರದ ನಂತರ ಚಮಚ ತೊಳೆದು ಒರೆಸಬೇಕು. ಕಾಫಿ ಲಿಕ್ಯೂರ್ ಅಂಟಿದ ಚಮಚದಲ್ಲೇ ಕ್ರೀಮ್ ಸುರಿದರೆ ಕ್ರೀಮಿನೊಳಗೆ ಕಂದು ಗೆರೆ ಬೀಳುತ್ತದೆ.

ಹಂತ 4: ತಂಪು ಮಾಡಿ, ಆದರೆ ಫ್ರೀಜರ್ ಬೇಡ

ತಣ್ಣಗಾದ ದ್ರವ ಸ್ವಲ್ಪ ಭಾರವಾಗುತ್ತದೆ, ಮಂದವೂ ಆಗುತ್ತದೆ. ಆದ್ದರಿಂದ ಕೆಳಗಿನ ಎರಡು ಪದರದ ಬಾಟಲಿಗಳನ್ನು ಒಂದೆರಡು ಗಂಟೆ ಫ್ರಿಜ್‌ನಲ್ಲಿಡಿ. ಮೇಲಿನ ಪದರದ್ದು ಹೊರಗೇ ಇರಲಿ. ಇದರ ಉಲ್ಟಾ ಮಾಡಿದರೆ, ಅಂದರೆ ಮೇಲಿನದು ತಣ್ಣಗೆ, ಕೆಳಗಿನದು ಬೆಚ್ಚಗೆ ಇದ್ದರೆ, ಮೊದಲೇ ಕಡಿಮೆ ಇರುವ ಅಂತರ ಇನ್ನೂ ಕಡಿಮೆಯಾಗುತ್ತದೆ.

ಐರಿಶ್ ಕ್ರೀಮನ್ನು ಫ್ರೀಜರ್‌ಗೆ ಹಾಕಬೇಡಿ. ವಿಪರೀತ ಗಟ್ಟಿಯಾಗಿ ಚಮಚದಿಂದ ಮುದ್ದೆಯಾಗಿ ಬೀಳುತ್ತದೆ. ಸುರಿಯುವ ಹತ್ತು ನಿಮಿಷ ಮೊದಲು ಬಾಟಲಿ ಕುಲುಕಿ ಇಡಿ, ನೊರೆ ಅಡಗಲಿ.

ಹಂತ 5: ಸಕ್ಕರೆ ನೀರಿನಲ್ಲಿ ಕೈ ಪಳಗಿಸಿ

ದುಬಾರಿ ಬಾಟಲಿ ತೆರೆಯುವ ಮೊದಲು ಇದನ್ನು ಮಾಡಿ. ಖರ್ಚು ಒಂದು ಹಿಡಿ ಸಕ್ಕರೆ ಮತ್ತು ಅಡುಗೆ ಬಣ್ಣದ್ದು ಮಾತ್ರ.

40 ಗ್ರಾಂ ಸಕ್ಕರೆಯನ್ನು 60 ಗ್ರಾಂ ನೀರಿನಲ್ಲಿ ಕರಗಿಸಿ. ಇದರ ಸಾಂದ್ರತೆ ಸುಮಾರು 1.18, ಗ್ರೆನಡಿನ್‌ನಷ್ಟೇ. ಇನ್ನೊಂದು ಲೋಟದಲ್ಲಿ 10 ಗ್ರಾಂ ಸಕ್ಕರೆ, 90 ಗ್ರಾಂ ನೀರು. ಇದು 1.04. ಮೂರನೆಯದು ಬರೀ ನೀರು. ಮೂರಕ್ಕೂ ಬೇರೆ ಬೇರೆ ಬಣ್ಣ ಹಾಕಿ. ಬಿಸಿ ಮಾಡಿ ಕರಗಿಸಿದ್ದರೆ ಪೂರ್ತಿ ಆರಿಸಿ. ಈ ಕ್ರಮದಲ್ಲೇ ಪದರ ಹಾಕಿ ನೋಡಿ.

ಇದು ಬಂದ ಮೇಲೆ ನಿಜವಾದ ಪರೀಕ್ಷೆ. 5 ಗ್ರಾಂ ಸಕ್ಕರೆಯನ್ನು 95 ಗ್ರಾಂ ನೀರಿಗೆ ಹಾಕಿದರೆ ಸುಮಾರು 1.02. ಇದರ ಮೇಲೆ ಬರೀ ನೀರು ನಿಲ್ಲಿಸಿ. ಈ 0.02 ಅಂತರ ಬೇಲೀಸ್ ಮತ್ತು ಗ್ರಾಂ ಮಾರ್ನಿಯೇ ನಡುವಿನ ಅಂತರದಷ್ಟೇ ಇದೆ. ಇದು ಗೆರೆ ಬಿಟ್ಟು ನಿಂತರೆ ಬಿ-52 ನಿಮಗೆ ಬಂದ ಹಾಗೆಯೇ.

ಹಂತ 6: ಎರಡು ಪದರದಿಂದ ಶುರು ಮಾಡಿ

ಮೊದಲ ದಿನವೇ ಬಿ-52ಗೆ ಕೈ ಹಾಕಬೇಡಿ. ಬೇಬಿ ಗಿನ್ನೆಸ್ ಅನ್ನುವ ಶಾಟ್‌ಗೆ ಎರಡೇ ಪದರ: ಕೆಳಗೆ 45 ಮಿ.ಲೀ. ಕಾಫಿ ಲಿಕ್ಯೂರ್, ಮೇಲೆ 15 ಮಿ.ಲೀ. ಐರಿಶ್ ಕ್ರೀಮ್. ನೋಡಲು ನೊರೆ ತುಂಬಿದ ಕಪ್ಪು ಬಿಯರ್‌ನ ಪುಟ್ಟ ಗ್ಲಾಸ್. ಇವೆರಡರ ನಡುವೆ 0.10ರಷ್ಟು ಅಂತರ ಇರುವುದರಿಂದ ಸ್ವಲ್ಪ ಅವಸರ ಮಾಡಿದರೂ ಕ್ಷಮಿಸುತ್ತದೆ. ಗ್ಲಾಸ್ ಚಿಕ್ಕದಿದ್ದರೆ ಮೂರು ಪಾಲು, ಒಂದು ಪಾಲು ಲೆಕ್ಕದಲ್ಲಿ ಕಡಿಮೆ ಮಾಡಿಕೊಳ್ಳಿ.

ಸುರಿಯುವ ವಿಧಾನ ಮುಂದಿನ ಹಂತದಲ್ಲಿ ವಿವರವಾಗಿ ಇದೆ. ಎರಡಕ್ಕೂ ಅದೇ.

ಹಂತ 7: ಬಿ-52

ಇಂಟರ್‌ನ್ಯಾಷನಲ್ ಬಾರ್‌ಟೆಂಡರ್ಸ್ ಅಸೋಸಿಯೇಷನ್ ಕೊಡುವ ಅಳತೆ ಮೂರೂ 20 ಮಿ.ಲೀ. 60ರ ಗ್ಲಾಸ್‌ಗೆ ಅದು ಅಂಚಿನವರೆಗೆ ಬರುತ್ತದೆ, ಎತ್ತಿದರೆ ಚೆಲ್ಲುತ್ತದೆ. ಮನೆಯಲ್ಲಿ ಮೂರೂ 15 ಮಿ.ಲೀ. ಸಾಕು.

*ಮೊದಲ ಪದರ, ಕಾಫಿ ಲಿಕ್ಯೂರ್.* ಗ್ಲಾಸಿನ ನಡುಮಧ್ಯೆ, ತಳಕ್ಕೆ ನೇರವಾಗಿ ಬೀಳುವ ಹಾಗೆ ಸುರಿಯಿರಿ. ಇದಕ್ಕೆ ಚಮಚ ಬೇಡ. ಗೋಡೆಗೆ ತಾಗಿದರೆ ಅಂಟಿಕೊಂಡು ಮೆಲ್ಲಗೆ ಇಳಿಯುತ್ತಲೇ ಇರುತ್ತದೆ, ಮೇಲಿನ ಪದರ ಹಾಕಿದ ಮೇಲೂ ಇಳಿದು ಅದರ ಬಣ್ಣ ಕೆಡಿಸುತ್ತದೆ. ತಾಗಿದ್ದರೆ ಟಿಶ್ಯೂನಿಂದ ಒರೆಸಿ. ದ್ರವ ಅಲುಗಾಡುವುದು ನಿಲ್ಲುವವರೆಗೆ ಕಾಯಿರಿ.

*ಎರಡನೇ ಪದರ, ಐರಿಶ್ ಕ್ರೀಮ್.* ಚಮಚವನ್ನು ಬೋರಲು ಹಿಡಿದು ಒಳಗೆ ಇಳಿಸಿ. ಬೆನ್ನು ಮೇಲಿರಬೇಕು, ತುದಿ ಗ್ಲಾಸಿನ ಒಳಗೋಡೆಗೆ ತಾಗಿರಬೇಕು, ದ್ರವಕ್ಕೆ ಮುಟ್ಟಿಯೂ ಮುಟ್ಟದಷ್ಟು ಹತ್ತಿರ ಇರಬೇಕು. ಈ ಎತ್ತರವೇ ಮುಖ್ಯ. ಎರಡು ಸೆಂಟಿಮೀಟರ್ ಮೇಲೆ ಹಿಡಿದು ಎಷ್ಟೇ ನಿಧಾನ ಸುರಿದರೂ ಹನಿ ಬಿದ್ದ ಜಾಗದಲ್ಲಿ ಗುಳಿ ಬಿದ್ದು ಎರಡೂ ಕಲಸುತ್ತವೆ.

ಈಗ ಒಳಲೆಯ ಮೂತಿಯನ್ನು ಚಮಚದ ಬೆನ್ನಿಗೆ ತಾಗಿಸಿ ಸುರಿಯಿರಿ. ಮೊದಲ 3–4 ಮಿ.ಲೀ. ಹನಿ ಹನಿಯಾಗಿಯೇ ಹೋಗಲಿ. ಕಾಫಿಯ ಮೇಲೆ ಪೂರ್ತಿ ಬಿಳಿ ಹೊದಿಕೆ ಬಂದ ಮೇಲೆ ತುಸು ಬೇಗ ಸುರಿಯಬಹುದು. ಆಮೇಲೆ ಬೀಳುವ ಕ್ರೀಮ್ ಕ್ರೀಮಿನ ಮೇಲೆಯೇ ಬೀಳುತ್ತದಲ್ಲ. ಮಟ್ಟ ಏರಿದ ಹಾಗೆ ಚಮಚವನ್ನೂ ಏರಿಸುತ್ತ ಬನ್ನಿ. ಕ್ರೀಮಿನಲ್ಲಿ ಚಮಚ ಮುಳುಗಿದರೆ ತೆಗೆಯುವಾಗ ಕೆಳಗಿನದನ್ನೂ ಎಳೆದುಕೊಂಡು ಬರುತ್ತದೆ.

ಮುಗಿದ ಮೇಲೆ ಚಮಚವನ್ನು ಗೋಡೆಗುಂಟ ಮೆಲ್ಲಗೆ ಮೇಲೆತ್ತಿ. ಅರ್ಧ ನಿಮಿಷ ಬಿಡಿ. ಅಷ್ಟರಲ್ಲಿ ಚಮಚ ತೊಳೆದುಕೊಳ್ಳಿ.

*ಮೂರನೇ ಪದರ, ಗ್ರಾಂ ಮಾರ್ನಿಯೇ.* ವಿಧಾನ ಅದೇ, ವೇಗ ಅದರ ಅರ್ಧ. ಕೊನೆಯವರೆಗೂ ವೇಗ ಹೆಚ್ಚಿಸಬೇಡಿ. ಅಂತರ 0.02 ಮಾತ್ರ ಅನ್ನುವುದು ನೆನಪಿರಲಿ. ಚಮಚದಲ್ಲಿ ಆಗುತ್ತಿಲ್ಲ ಅಂದರೆ ಸಿರಿಂಜ್ ಹಿಡಿಯಿರಿ. ಅದರ ತುದಿಯನ್ನು ಕ್ರೀಮಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಗೋಡೆಗೆ ಒತ್ತಿ, 15 ಮಿ.ಲೀ. ಇಳಿಸಲು ಒಂದು ನಿಮಿಷ ಬೇಕಾದರೂ ತೆಗೆದುಕೊಳ್ಳಿ. ದ್ರವ ಗೋಡೆಯ ಮೇಲೆ ತೆಳುವಾಗಿ ಹರಡಿ ಇಳಿಯುತ್ತದೆ, ಗುಳಿ ಬೀಳುವ ಪ್ರಶ್ನೆಯೇ ಇಲ್ಲ. ಸಿರಿಂಜ್ ಒಮ್ಮೊಮ್ಮೆ ಸಿಕ್ಕಿಕೊಂಡು ತಟ್ಟನೆ ಚಿಮ್ಮುತ್ತದೆ. ಮೊದಲೇ ನೀರು ಎಳೆದು ಬಿಟ್ಟು ಸಡಿಲ ಮಾಡಿಕೊಳ್ಳಿ.

ಹತ್ತು ಜನಕ್ಕೆ ಮಾಡುವುದಿದ್ದರೆ ಒಂದೊಂದೇ ಗ್ಲಾಸ್ ಮುಗಿಸಬೇಡಿ. ಎಲ್ಲ ಗ್ಲಾಸ್‌ಗೂ ಕಾಫಿ, ಆಮೇಲೆ ಎಲ್ಲಕ್ಕೂ ಕ್ರೀಮ್, ಕೊನೆಗೆ ಎಲ್ಲಕ್ಕೂ ಮೇಲಿನದು. ಮೊದಲ ಗ್ಲಾಸ್‌ಗೆ ಮತ್ತೆ ಬರುವಷ್ಟರಲ್ಲಿ ಅದು ಸ್ಥಿರವಾಗಿ ನಿಂತಿರುತ್ತದೆ. ಕುಡಿಯುವ ಜಾಗದಲ್ಲೇ ಮಾಡಿ. ಅಡುಗೆಮನೆಯಲ್ಲಿ ಮಾಡಿ ಟ್ರೇಯಲ್ಲಿ ಹೊತ್ತು ಟೆರೇಸ್ ಹತ್ತುವುದು ಸುಮ್ನೆ ಶ್ರಮ ಹಾಳು.

ಹಂತ 8: ಕೆಡುತ್ತಿದೆ ಅಂತ ಹೇಳುವ ಗುರುತುಗಳು

*ಹೊಗೆಯ ಥರ ಎಳೆಗಳು ಕೆಳಗಿಳಿಯುತ್ತಿವೆ.* ತಕ್ಷಣ ಸುರಿಯುವುದನ್ನು ನಿಲ್ಲಿಸಿ, ಒಂದು ನಿಮಿಷ ನೋಡಿ. ಎಳೆಗಳು ಅಲ್ಲೇ ತೆಳುವಾಗಿ ಮತ್ತೆ ಮೇಲೆ ಬಂದರೆ ವೇಗ ಜಾಸ್ತಿಯಾಗಿತ್ತು ಅಂತ ಅರ್ಥ, ನಿಧಾನ ಮಾಡಿ ಮುಂದುವರಿಸಿ. ನೀವು ನಿಲ್ಲಿಸಿದ ಮೇಲೂ ಇಳಿಯುತ್ತಲೇ ಇದ್ದರೆ ಕ್ರಮವೇ ತಪ್ಪು. ಹಂತ 2ಕ್ಕೆ ವಾಪಸ್ ಹೋಗಿ.

*ಎರಡು ಪದರದ ನಡುವೆ ಮಸುಕು ಪಟ್ಟೆ.* ಒಂದೆರಡು ಮಿಲಿಮೀಟರ್ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ದಪ್ಪ ಇದ್ದರೆ ಚಮಚ ಎತ್ತರದಲ್ಲಿತ್ತು.

*ಬಿಳಿ ಉಂಡೆಗಳು ಮುಳುಗುತ್ತಿವೆ.* ಕ್ರೀಮ್ ತೀರಾ ತಣ್ಣಗಿದೆ. ಐದು ನಿಮಿಷ ಹೊರಗಿಡಿ.

*ಕ್ರೀಮ್ ಮೊಸರಿನ ಥರ ಒಡೆದು ಚೂರುಚೂರಾಗಿದೆ.* ಎಲ್ಲೋ ಹುಳಿ ತಾಗಿದೆ. ನಿಂಬೆರಸ, ಕಿತ್ತಳೆ ಜ್ಯೂಸ್ ಯಾವುದೂ ಐರಿಶ್ ಕ್ರೀಮಿನ ಹತ್ತಿರ ಸುಳಿಯಬಾರದು. ಕೆಲವು ಗ್ರೆನಡಿನ್ ಸಿರಪ್‌ಗಳಲ್ಲೂ ಸಿಟ್ರಿಕ್ ಆಮ್ಲ ಇರುತ್ತದೆ, ಲೇಬಲ್ ಓದಿ. ಹುಳಿ ಏನೂ ತಾಗದೆ ಒಡೆದಿದ್ದರೆ, ಅಥವಾ ಬಾಟಲಿಯಲ್ಲೇ ಹುಳಿ ವಾಸನೆ ಇದ್ದರೆ, ಕ್ರೀಮ್ ಹಳತಾಗಿದೆ. ಚೆಲ್ಲಿಬಿಡಿ.

*ಚೆನ್ನಾಗಿ ಬಂದಿತ್ತು, ಅರ್ಧ ಗಂಟೆಯಲ್ಲಿ ಮಸುಕಾಯಿತು.* ಇದು ತಪ್ಪಲ್ಲ. ಈ ಮೂರೂ ಒಂದರಲ್ಲೊಂದು ಬೆರೆಯುವ ದ್ರವಗಳೇ. ಹೊತ್ತು ಕಳೆದಂತೆ ಗೆರೆ ಕರಗುತ್ತ ಹೋಗುತ್ತದೆ. ಮಾಡಿದ ಕೂಡಲೇ ಕೊಡಿ. ಮೊದಲೇ ಮಾಡಿ ಫ್ರಿಜ್ ಬಾಗಿಲಿನಲ್ಲಿ ಸಾಲಾಗಿ ಇಟ್ಟರೆ ಪ್ರತಿ ಸಲ ಬಾಗಿಲು ತೆಗೆದಾಗಲೂ ಅಲುಗಾಡುತ್ತದೆ.

ಪೂರ್ತಿ ಕಲಸಿಹೋದ ಗ್ಲಾಸನ್ನು ಚೆಲ್ಲಬೇಕಿಲ್ಲ. ದೊಡ್ಡ ಗ್ಲಾಸ್‌ಗೆ ಐಸ್ ಹಾಕಿ, ಅದನ್ನು ಸುರಿದು, ತಣ್ಣಗಿನ ಹಾಲು ಬೆರೆಸಿ. ನಿಜ ಹೇಳಬೇಕೆಂದರೆ ಬಿ-52ಗಿಂತ ಇದೇ ರುಚಿ.

ಬೆಂಕಿ ಹಚ್ಚುವ ಬಗ್ಗೆ

ಮೇಲಿನ ಪದರಕ್ಕೆ ಬೆಂಕಿ ಹಚ್ಚಿ ಕೊಡುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಮನೆಯಲ್ಲಿ ಬೇಡ ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಆಲ್ಕೋಹಾಲ್ ಜ್ವಾಲೆ ತೆಳು ನೀಲಿ, ಬೆಳಕಿರುವ ಕೋಣೆಯಲ್ಲಿ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಬಾಯಿಗೆ ಇಟ್ಟವರು ತುಟಿ ಸುಟ್ಟುಕೊಳ್ಳುತ್ತಾರೆ. ಆರಿದ ಮೇಲೂ ಗ್ಲಾಸಿನ ಅಂಚು ಸುಡುತ್ತಿರುತ್ತದೆ. ತೆಳು ಗ್ಲಾಸ್ ಸಿಡಿಯಬಹುದು. ಪ್ಲಾಸ್ಟಿಕ್ ಸ್ಟ್ರಾ ಕರಗಿ ಒಳಗೆ ಬೀಳುತ್ತದೆ.

ಎಲ್ಲಕ್ಕಿಂತ ಅಪಾಯ, ಉರಿಯುತ್ತಿರುವ ಗ್ಲಾಸ್‌ಗೆ ಬಾಟಲಿಯಿಂದ ಇನ್ನಷ್ಟು ಸುರಿಯುವುದು. ಜ್ವಾಲೆ ಬಾಟಲಿಯೊಳಕ್ಕೆ ನುಗ್ಗಿದರೆ ಎದುರಿಗೆ ನಿಂತವರ ಮೇಲೆ ಬೆಂಕಿ ಚಿಮ್ಮುತ್ತದೆ. ಎಲ್ಲಾದರೂ ಯಾರಾದರೂ ಹಚ್ಚೇಬಿಟ್ಟರೆ ಊದಬೇಡಿ, ಉರಿಯುವ ದ್ರವವೇ ಹಾರುತ್ತದೆ. ಸ್ಟೀಲ್ ಲೋಟ ಬೋರಲು ಮುಚ್ಚಿ, ಗಾಳಿ ಇಲ್ಲದೆ ಆರುತ್ತದೆ. ದುಪಟ್ಟಾ, ಸೆರಗು, ಬಿಟ್ಟ ಕೂದಲು ಹತ್ತಿರ ಬರದಿರಲಿ.

ಎಷ್ಟು ಕುಡಿದೆವು ಅನ್ನುವ ಲೆಕ್ಕ

ಸಿಹಿಯಾಗಿರುವುದರಿಂದ ಇದರ ಏಟು ಗೊತ್ತಾಗುವುದಿಲ್ಲ. ಕಾಫಿ ಲಿಕ್ಯೂರ್‌ನಲ್ಲಿ 16ರಿಂದ 20%, ಬೇಲೀಸ್‌ನಲ್ಲಿ 17%, ಗ್ರಾಂ ಮಾರ್ನಿಯೇಯಲ್ಲಿ 40%. ಮೂರೂ 20 ಮಿ.ಲೀ. ಹಾಕಿದರೆ ಒಳಗೆ ಹೋಗುವ ಶುದ್ಧ ಆಲ್ಕೋಹಾಲ್ ಸುಮಾರು 15 ಮಿ.ಲೀ. ನಮ್ಮಲ್ಲಿ ಸಿಗುವ 42.8% ವಿಸ್ಕಿಯ ಒಂದು 30 ಮಿ.ಲೀ. ಪೆಗ್‌ನಲ್ಲಿ ಇರುವುದು ಸುಮಾರು 13. ಅಂದರೆ ಒಂದು ಶಾಟ್ ಒಂದು ಪೆಗ್‌ಗಿಂತ ಜಾಸ್ತಿ. ಪೆಗ್ ಕುಡಿಯಲು ಅರ್ಧ ಗಂಟೆ ಹಿಡಿದರೆ ಇದು ಒಂದೇ ಗುಟುಕು. ಒಬ್ಬರಿಗೆ ಒಂದು, ಹೆಚ್ಚೆಂದರೆ ಎರಡು. ವಾಪಸ್ ಗಾಡಿ ಓಡಿಸುವವರಿಗೆ ಒಂದೂ ಬೇಡ.

ಕಾಫಿ ಲಿಕ್ಯೂರ್ ಮನೆಯಲ್ಲೇ ಮಾಡುವುದಾದರೆ

ಮನೆಯಲ್ಲಿ ಫಿಲ್ಟರ್ ಇರುವವರಿಗೆ ಇದು ಸುಲಭ. ಚಿಕೋರಿ ಇಲ್ಲದ ಚಿಕ್ಕಮಗಳೂರು ಪುಡಿಯಲ್ಲಿ 100 ಮಿ.ಲೀ. ಗಟ್ಟಿ ಡಿಕಾಕ್ಷನ್ ಇಳಿಸಿ. ಬಿಸಿ ಇರುವಾಗಲೇ 100 ಗ್ರಾಂ ಸಕ್ಕರೆ ಹಾಕಿ ಕರಗಿಸಿ. ಪೂರ್ತಿ ಆರಿದ ಮೇಲೆ 60 ಮಿ.ಲೀ. ಡಾರ್ಕ್ ರಮ್ ಬೆರೆಸಿ, ತೆಳು ಬಟ್ಟೆಯಲ್ಲಿ ಸೋಸಿ. ಬಿಸಿಗೆ ರಮ್ ಹಾಕಿದರೆ ಆವಿಯಾಗಿ ಹೋಗುತ್ತದೆ, ಒಲೆಯ ಹತ್ತಿರವಂತೂ ಬೇಡವೇ ಬೇಡ.

ಲೆಕ್ಕ ಹಾಕಿದರೆ ಇದರ ಸಾಂದ್ರತೆ ಸುಮಾರು 1.16, ಆಲ್ಕೋಹಾಲ್ 11–12%. ತಳದ ಪದರಕ್ಕೆ ಸರಿಯಾಗಿ ಹೊಂದುತ್ತದೆ. "ಸಿಹಿ ಜಾಸ್ತಿ ಆಯ್ತು" ಅಂತ ಸಕ್ಕರೆ ಅರ್ಧ ಮಾಡಿದರೆ ಸಾಂದ್ರತೆ ಇಳಿದು ಪದರ ಕೆಡುತ್ತದೆ. ಕಡಿಮೆ ಆಲ್ಕೋಹಾಲ್ ಇರುವುದರಿಂದ ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ.

ಕಂಡೆನ್ಸ್ಡ್ ಮಿಲ್ಕ್, ಕ್ರೀಮ್, ವಿಸ್ಕಿ ಸೇರಿಸಿ ಐರಿಶ್ ಕ್ರೀಮನ್ನೂ ಮನೆಯಲ್ಲಿ ಮಾಡುವವರಿದ್ದಾರೆ. ಕಂಡೆನ್ಸ್ಡ್ ಮಿಲ್ಕ್‌ನ ಸಕ್ಕರೆಯಿಂದಾಗಿ ಅದು ಬೇಲೀಸ್‌ಗಿಂತ ಭಾರವಾಗುತ್ತದೆ, 1.08ರ ಹತ್ತಿರ. ಮೇಲಿನ ಪದರ ನಿಲ್ಲಿಸಲು ಇದರಿಂದ ಅನುಕೂಲವೇ. ಆದರೆ ಕಾಫಿ ಲಿಕ್ಯೂರ್ ಅಷ್ಟೇನೂ ಸಿಹಿ ಇಲ್ಲದ್ದಾದರೆ ಕೆಳಗಿನ ಗೆರೆ ಕಲಸುತ್ತದೆ. ಹನಿ ಪರೀಕ್ಷೆ ತಪ್ಪಿಸಬೇಡಿ.

ಆಲ್ಕೋಹಾಲ್ ಇಲ್ಲದ ಹಳದಿ-ಕೆಂಪು

ನವೆಂಬರ್ 1ಕ್ಕೆ ಮನೆಯಲ್ಲಿ ಮಕ್ಕಳೂ ಇರುತ್ತಾರಲ್ಲ, ಅವರಿಗೆ ಇದು. ನಮ್ಮ ಬಾವುಟದಲ್ಲಿ ಕೆಂಪು ಕೆಳಗೆ, ಹಳದಿ ಮೇಲೆ. ಪದರದ ಲೆಕ್ಕಕ್ಕೂ ಅದೇ ಸರಿ. ದಾಳಿಂಬೆ ಅಥವಾ ಗುಲಾಬಿಯ ಕೆಂಪು ಸಿರಪ್ ಗ್ಲಾಸಿನ ತಳಕ್ಕೆ ಎರಡು ಬೆರಳಷ್ಟು ಹಾಕಿ. ಗ್ಲಾಸ್ ತುಂಬ ಐಸ್ ತುಂಬಿ. ಸೋಸಿದ ಅನಾನಸ್ ಜ್ಯೂಸನ್ನು ಐಸ್ ಮೇಲೆ ಬೀಳುವಂತೆ ನಿಧಾನ ಸುರಿಯಿರಿ. ಐಸೇ ರಭಸ ತಡೆಯುತ್ತದೆ, ಚಮಚ ಬೇಕಿಲ್ಲ. ಸಿರಪ್‌ಗೆ ಮೊದಲೇ ನೀರು ಬೆರೆಸಿಬಿಟ್ಟರೆ ಮಾತ್ರ ಇದೂ ಕಲಸುತ್ತದೆ.

ಉಳಿದ ಬಾಟಲಿಗಳನ್ನು ಇಡುವುದು

ಕಾಫಿ ಲಿಕ್ಯೂರ್, ಗ್ರಾಂ ಮಾರ್ನಿಯೇ ಎರಡನ್ನೂ ಬಿಸಿಲು ತಾಗದ ಕಪಾಟಿನಲ್ಲಿಟ್ಟರೆ ಬಹಳ ಕಾಲ ಕೆಡುವುದಿಲ್ಲ. ಮುಚ್ಚಳದ ಸುತ್ತ ಅಂಟಿದ ಸಕ್ಕರೆ ಒರೆಸಿಡಿ, ಇಲ್ಲದಿದ್ದರೆ ಇರುವೆ ಸಾಲು ಹಿಡಿಯುತ್ತದೆ, ಮುಂದಿನ ಸಲ ಮುಚ್ಚಳವೂ ತೆಗೆಯಲು ಬರುವುದಿಲ್ಲ. ಐರಿಶ್ ಕ್ರೀಮ್ ಹಾಗಲ್ಲ. ಬೇಲೀಸ್ ತಯಾರಾದ ದಿನದಿಂದ ಎರಡು ವರ್ಷದೊಳಗೆ ಮುಗಿಸಬೇಕು, 25 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿಡಬೇಕು. ಬೆಂಗಳೂರಿನ ಚಳಿಗಾಲದಲ್ಲಿ ಕಪಾಟು ಸಾಕಾಗಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು ಕಡೆಯವರು ಅಂಗಡಿಯಿಂದ ತಂದ ದಿನವೇ ಫ್ರಿಜ್‌ಗೆ ಹಾಕಿಬಿಡಿ.